ಹರಿದ ಬಣ್ಣದ ಕಾಗದದಿಂದ ಇಟ್ಟಿಗೆ ಒಡೆಯುವ ಗೇಮ್: ಮೊದಲಿಂದ ಕೊನೆವರೆಗೆ

1976ರಲ್ಲಿ ಅಟಾರಿ ಕಂಪನಿ ‘ಬ್ರೇಕ್‌ಔಟ್’ ಅನ್ನೋ ಆರ್ಕೇಡ್ ಗೇಮನ್ನು ಬಿಟ್ಟಾಗ ಅದರ ಪರದೆ ಕಪ್ಪು-ಬಿಳುಪಿನದು. ಆದರೂ ಆಡುವವರಿಗೆ ಕೆಂಪು, ಕಿತ್ತಳೆ, ಹಸಿರು, ಹಳದಿ ಇಟ್ಟಿಗೆಗಳು ಕಾಣುತ್ತಿದ್ದವು. ಗುಟ್ಟು ಇಷ್ಟೇ: ಪರದೆಯ ಮೇಲೆ ಬಣ್ಣದ ಸೆಲೋಫೇನ್ ಪಟ್ಟಿಗಳನ್ನು ಹಾಕಿದ್ದರು. ನಮ್ಮ ಶಾಲೆ ನಾಟಕಗಳಲ್ಲಿ ಲೈಟಿಗೆ ಕಟ್ಟುತ್ತಿದ್ದ ಜಿಲೆಟಿನ್ ಪೇಪರ್ ಇದೆಯಲ್ಲ, ಆ ಥರದ್ದು. ಅಂದ್ರೆ ಈ ಗೇಮಿಗೆ ಕೈಕೆಲಸ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ನಾವೀಗ ಮಾಡೋದೂ ಅದೇ ಆಟ. ಕೆಳಗೆ ಒಂದು ಬ್ಯಾಟ್, ಮೇಲೆ ಇಟ್ಟಿಗೆ ಗೋಡೆ, ನಡುವೆ ಒಂದು ಚೆಂಡು. ಆದರೆ ಎಲ್ಲ ಚಿತ್ರವೂ ನಿಮ್ಮ ಕೈಯಿಂದ ಆದದ್ದು. ಹರಿದ ಬಣ್ಣದ ಕಾಗದದ ಇಟ್ಟಿಗೆ, ಪೇಂಟ್ ಮಾಡಿದ ಚೆಂಡು, ರಟ್ಟಿನ ಬ್ಯಾಟ್. ಕೋಡಿಂಗ್ ಗೊತ್ತಿರಬೇಕು ಅಂತೇನಿಲ್ಲ. ‘ಸ್ಕ್ರ್ಯಾಚ್’ ಅನ್ನೋ ಉಚಿತ ತಂತ್ರಾಂಶದಲ್ಲಿ ಬ್ಲಾಕ್‌ಗಳನ್ನು ಎಳೆದು ಜೋಡಿಸಿದರೆ ಸಾಕು. ಬ್ರೌಸರ್‌ನಲ್ಲೂ ನಡೆಯುತ್ತದೆ, ಇಂಟರ್ನೆಟ್ ಸರಿಯಿಲ್ಲದ ಕಡೆ ಕಂಪ್ಯೂಟರಿಗೆ ಇಳಿಸಿಕೊಂಡೂ ಬಳಸಬಹುದು. ಮಕ್ಕಳ ಆಟಿಕೆ ಅಂತ ಮೂಗು ಮುರಿಯಬೇಡಿ. ಇಂಥ ಗೇಮಿಗೆ ಬೇಕಾದ್ದೆಲ್ಲ ಅದರಲ್ಲಿದೆ.

ಶುರು ಮಾಡೋಕೆ ಮುಂಚೆ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಿ. ಚಿತ್ರ ಎಷ್ಟು ಬೇಕಾದರೂ ವಕ್ರ ಇರಲಿ, ಲೆಕ್ಕ ಮಾತ್ರ ನೇರ ಇರಲಿ. ಕೈಯಲ್ಲಿ ಮಾಡಿದ ಗೇಮ್‌ಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೋ ಚಿತ್ರವನ್ನು ತಿದ್ದಿ ತಿದ್ದಿ ಪ್ರಿಂಟ್ ಹೊಡೆದ ಹಾಗೆ ಮಾಡಿಬಿಡುತ್ತಾರೆ. ಇಲ್ಲವೇ ಹರಿದ ಕಾಗದದ ಅಂಚಿಗೇ ಚೆಂಡು ತಾಗಲಿ ಅಂತ ಬಿಟ್ಟು, ಚೆಂಡು ಎತ್ತ ಹೋಗುತ್ತೆ ಅಂತ ಯಾರಿಗೂ ತಿಳಿಯದ ಹಾಗೆ ಆಗುತ್ತದೆ.

ಮೊದಲು ಅಳತೆ

ಸ್ಕ್ರ್ಯಾಚ್‌ನ ವೇದಿಕೆ 480 ಅಗಲ, 360 ಎತ್ತರ. ನಟ್ಟನಡುವೆ ಸೊನ್ನೆ. ಅಡ್ಡಕ್ಕೆ, ಅಂದ್ರೆ ಎಕ್ಸ್, -240ರಿಂದ 240. ಮೇಲೆ-ಕೆಳಗೆ, ಅಂದ್ರೆ ವೈ, -180ರಿಂದ 180.

ಸಾಲಿಗೆ 8 ಇಟ್ಟಿಗೆ, 5 ಸಾಲು, ಒಟ್ಟು 40. ಒಂದು ಇಟ್ಟಿಗೆ 52 ಅಗಲ, 20 ಎತ್ತರ, ಸುತ್ತ 6 ಸಂದು. ಹಾಗಾಗಿ ಒಂದು ಇಟ್ಟಿಗೆಯ ನಡುವಿನಿಂದ ಪಕ್ಕದ್ದರ ನಡುವಿಗೆ 58, ಒಂದು ಸಾಲಿನಿಂದ ಕೆಳಗಿನ ಸಾಲಿಗೆ 26. ಮೊದಲ ಇಟ್ಟಿಗೆಯ ಜಾಗ ಎಕ್ಸ್ -203, ವೈ 140. ಈ ಲೆಕ್ಕದಲ್ಲಿ ಕೊನೆಯದು 203ಕ್ಕೆ ಬಂದು ನಿಲ್ಲುತ್ತದೆ, ಎರಡೂ ಪಕ್ಕ ಸಮ ಜಾಗ ಉಳಿಯುತ್ತದೆ. ಬ್ಯಾಟ್ 80 ಅಗಲ, 14 ದಪ್ಪ, ವೈ -150ರಲ್ಲಿ. ಚೆಂಡು 14.

ಗೋಡೆಯ ಮೇಲೆ, ಚಾವಣಿಗೆ ಮುಂಚೆ, 30ರಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಅದು ಬೇಕಂತಲೇ ಬಿಟ್ಟದ್ದು. ಕಾರಣ ಮುಂದೆ ಬರುತ್ತದೆ.

ಕಾಗದ, ಸ್ಕೇಲ್, ಫೋಟೊ

ಬೇಕಾದ ಸಾಮಾನು ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. 5 ಬಣ್ಣದ ಕ್ರಾಫ್ಟ್ ಪೇಪರ್, ಒಂದು ಕಪ್ಪು ಚಾರ್ಟ್, ಒಂದು ಡ್ರಾಯಿಂಗ್ ಶೀಟ್, ಪೋಸ್ಟರ್ ಕಲರ್, ರಟ್ಟು. ಮಿಂಚುವ ಗ್ಲೇಜ್ ಪೇಪರ್ ಬೇಡ. ಫೋಟೊದಲ್ಲಿ ಬೆಳಕು ಹೊಡೆದು ಬಿಳಿ ಮಚ್ಚೆ ಬರುತ್ತದೆ.

ಒಂದು ಇಟ್ಟಿಗೆಯನ್ನು ಕಾಗದದಲ್ಲಿ 7.8 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರಕ್ಕೆ ಮಾಡಿ. 52ಕ್ಕೆ 20 ಅನ್ನೋ ಅಳತೆಗೆ ಇದು ಸರಿಹೊಂದುತ್ತದೆ. ಕತ್ತರಿ ಬೇಡ. ಸ್ಕೇಲ್ ಒತ್ತಿ ಹಿಡಿದು ಕಾಗದವನ್ನು ನಿಮ್ಮ ಕಡೆಗೆ ಹರಿಯಿರಿ. ಆಗ ಅಂಚಿನಲ್ಲಿ ಸಣ್ಣ ನಾರು ಏಳುತ್ತದೆ. ಬಣ್ಣ ಒಂದೇ ಮುಖಕ್ಕಿರುವ ಕಾಗದವಾದರೆ ಒಳಗಿನ ಬಿಳಿ ಗೆರೆ ತೆಳ್ಳಗೆ ಕಾಣುತ್ತದೆ. ಆ ಬಿಳಿ ಗೆರೆಯೇ ಈ ಚಿತ್ರಗಳ ಜೀವ. ಕಪ್ಪು ಹಿನ್ನೆಲೆಯ ಮೇಲೆ ಇಟ್ಟರೆ ಪ್ರತಿ ಇಟ್ಟಿಗೆಗೂ ಔಟ್‌ಲೈನ್ ಹಾಕಿದ ಹಾಗೆ ಇರುತ್ತದೆ, ಪೆನ್ನು ಮುಟ್ಟುವ ಅಗತ್ಯವೇ ಇಲ್ಲ.

ಪ್ರತಿ ಬಣ್ಣದಲ್ಲಿ 3 ಇಟ್ಟಿಗೆ ಮಾಡಿ, ಒಟ್ಟು 15. 40ಕ್ಕೂ ಬೇರೆ ಬೇರೆ ಮಾಡುವ ಹಟ ಬೇಡ. ಒಂದೇ ಚಿತ್ರವನ್ನು 8 ಸಲ ಸಾಲಾಗಿ ಇಟ್ಟರೆ ಕಣ್ಣು ಹಿಡಿದುಬಿಡುತ್ತದೆ. ಮೂರನ್ನು ಕಲಸಿ ಇಟ್ಟರೆ ಸಾಮಾನ್ಯವಾಗಿ ಯಾರಿಗೂ ಗೊತ್ತಾಗೋದಿಲ್ಲ.

ಹದಿನೈದನ್ನೂ ಕಪ್ಪು ಚಾರ್ಟಿನ ಮೇಲೆ ಸಂದು ಬಿಟ್ಟು ಜೋಡಿಸಿ. ಎ4 ಅಳತೆಯಲ್ಲಿ ಎರಡು ಕಂಬಸಾಲಾಗಿ ಎಲ್ಲವೂ ಕೂರುತ್ತವೆ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ಮೇಲಿನಿಂದ ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ. ಎಲ್ಲವನ್ನೂ ಒಂದೇ ಫೋಟೊದಲ್ಲಿ ತೆಗೆಯೋದು ಮುಖ್ಯ, ಸೋಮಾರಿತನಕ್ಕಲ್ಲ. ಕಾಗದದ ಕೆಳಗೆ ಬೀಳುವ ಸಣ್ಣ ನೆರಳು ಎಲ್ಲದಕ್ಕೂ ಒಂದೇ ಕಡೆ ಬೀಳಬೇಕು. ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ ನೆರಳಿದ್ದರೆ ಗೋಡೆ ಗೋಡೆಯಾಗಿ ಕಾಣೋದೇ ಇಲ್ಲ. ಫೋನಿನ ಡಾಕ್ಯುಮೆಂಟ್ ಸ್ಕ್ಯಾನ್ ಆಪ್‌ಗಳನ್ನೂ ದೂರ ಇಡಿ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಅವು ಕಾಗದದ ನಾರು, ನೆರಳು ಎಲ್ಲ ಅಳಿಸಿಹಾಕುತ್ತವೆ. ನಮಗೆ ಬೇಕಿರೋದು ಅದೇ ಅಲ್ವಾ?

ಫೋಟೊ ಸರಿ ಬಂದಿದೆ ಅಂತ ಖಾತ್ರಿಯಾದ ಮೇಲೆ ಹರಿಯುವ ಕೆಲಸ. ಪ್ರತಿ ಬಣ್ಣದಿಂದ ಒಂದೊಂದು ಇಟ್ಟಿಗೆ ತೆಗೆದುಕೊಂಡು ನಡುವೆ ಹರಿದು, ಎರಡು ತುಂಡನ್ನು ಸ್ವಲ್ಪ ದೂರ ಇಟ್ಟು ಒಂದು ಫೋಟೊ. ಆಮೇಲೆ ಅದನ್ನೇ ಚೂರು ಚೂರು ಮಾಡಿ, ಹರಡಿ ಇನ್ನೊಂದು. ಚೆಂಡು ತಾಗಿದಾಗ ಇಟ್ಟಿಗೆ ಒಡೆಯುವ ಅನಿಮೇಷನ್ ಇದರಿಂದಲೇ ಬರುತ್ತದೆ. ಎರಡೇ ಚಿತ್ರ ಸಾಕಾ ಅನ್ನಿಸಬಹುದು. ಅದು ಪರದೆಯ ಮೇಲೆ ಇರೋದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎರಡು ಧಾರಾಳ.

ಚೆಂಡಿಗೆ ಬೇರೆ ಉಪಾಯ. ಡ್ರಾಯಿಂಗ್ ಶೀಟ್ ಮೇಲೆ ಒಂದು ದುಂಡು ಬರೆದು ಬಣ್ಣ ತುಂಬಿ. ಅದೇ ಅಳತೆಗೆ ಇನ್ನೆರಡು ಬರೆಯಿರಿ. ಮೂರೂ ಒಂದೇ ಥರ ಬರೋದಿಲ್ಲ, ಬರಲೂಬಾರದು. ಆಟದಲ್ಲಿ ಈ ಮೂರನ್ನು ಸೆಕೆಂಡಿಗೆ ಎಂಟು ಸಲ ಬದಲಿಸುತ್ತಿದ್ದರೆ ಗೆರೆ ನಡುಗಿದ ಹಾಗೆ ಆಗಿ ಚೆಂಡಿಗೆ ಉಸಿರು ಬರುತ್ತದೆ. ಬ್ಯಾಟಿಗೂ ಹೀಗೇ ಮಾಡಬಹುದು. ಇಟ್ಟಿಗೆಗಳಿಗೆ ಮಾತ್ರ ಬೇಡ. 40 ಇಟ್ಟಿಗೆ ಒಟ್ಟಿಗೆ ನಡುಗಿದರೆ ತಲೆನೋವು.

ಚಿತ್ರಗಳನ್ನು ಬಿಡಿಸಿಕೊಳ್ಳುವುದು

ಫೋಟೊವನ್ನು ಜಿಂಪ್ ಅಥವಾ ಕ್ರಿಟಾದಲ್ಲಿ ತೆರೆಯಿರಿ. ಎರಡೂ ಚಿತ್ರ ತಿದ್ದುವ ಉಚಿತ ತಂತ್ರಾಂಶಗಳು. ಒಂದೊಂದು ಇಟ್ಟಿಗೆಯನ್ನೂ ಆರಿಸಿ, ಸುತ್ತಲ ಕಪ್ಪು ತೆಗೆದು, 208 ಅಗಲ 80 ಎತ್ತರದ ಖಾಲಿ ಚೌಕದ ನಟ್ಟನಡುವೆ ಇಟ್ಟು, ಪಿಎನ್‌ಜಿ ಮಾಡಿ ಉಳಿಸಿ. ಜೆಪೆಗ್ ಬೇಡ, ಅದರಲ್ಲಿ ಪಾರದರ್ಶಕ ಜಾಗ ಉಳಿಯೋದಿಲ್ಲ. ಹರಿದ ಚಿತ್ರಗಳು ಹರಡಿಕೊಂಡಿರುವುದರಿಂದ ಅವಕ್ಕೆ 312ಕ್ಕೆ 160ರ ಚೌಕ ಕೊಡಿ. ಇಟ್ಟಿಗೆಯ ನಡು ಚೌಕದ ನಡುವಿಗೇ ಬರಲಿ, ಇಲ್ಲದಿದ್ದರೆ ಒಡೆಯುವಾಗ ಇಟ್ಟಿಗೆ ಪಕ್ಕಕ್ಕೆ ಹಾರಿದ ಹಾಗೆ ಆಗುತ್ತದೆ. ಬ್ಯಾಟ್ 320ಕ್ಕೆ 56, ಚೆಂಡು 56ಕ್ಕೆ 56.

ಎಲ್ಲವೂ ನಮ್ಮ ಲೆಕ್ಕಕ್ಕಿಂತ ನಾಲ್ಕು ಪಟ್ಟು ದೊಡ್ಡವು. ಸ್ಕ್ರ್ಯಾಚ್ ಒಳಗೆ ‘ಸೆಟ್ ಸೈಜ್’ ಬ್ಲಾಕಿನಲ್ಲಿ 25 ಕೊಟ್ಟರೆ ಸರಿಯಾದ ಅಳತೆಗೆ ಇಳಿಯುತ್ತವೆ.

ಅಂಚನ್ನು ತೀರಾ ನುಣುಪು ಮಾಡಬೇಡಿ. ಒಂದು ಕೂದಲಷ್ಟು ಕಪ್ಪು ಉಳಿದರೂ ಪರವಾಗಿಲ್ಲ. ಇಲ್ಲಿ ಗಂಟೆಗಟ್ಟಲೆ ಕೂರೋಕೆ ಆಸೆಯಾಗುತ್ತದೆ, ಆದರೆ ಇಷ್ಟು ಸಣ್ಣ ಅಳತೆಯಲ್ಲಿ ಅದು ಯಾರ ಕಣ್ಣಿಗೂ ಬೀಳೋದಿಲ್ಲ.

ಹಿನ್ನೆಲೆ ಬಗ್ಗೆ ಎಚ್ಚರ. ಕೈಯಲ್ಲಿ ಮಾಡುವವರಿಗೆ ಹಿನ್ನೆಲೆಯನ್ನೂ ತುಂಬಿಬಿಡುವ ಚಪಲ. ಚುಕ್ಕಿ ರಂಗೋಲಿ ಹಾಕಿದ ಹಿನ್ನೆಲೆ ನೋಡೋಕೆ ಬಹಳ ಚೆಂದ. ಆಡೋಕೆ ಕೂತರೆ ಬಿಳಿ ಚೆಂಡು ಬಿಳಿ ಚುಕ್ಕಿಗಳ ನಡುವೆ ಮಾಯ. ಒಂದೇ ಬಣ್ಣದ ಕಾಗದವನ್ನು ಮುದುಡಿ, ಬಿಡಿಸಿ, ಫೋಟೊ ತೆಗೆದರೆ ಸುಕ್ಕಿನ ನೆರಳೇ ಸಾಕಷ್ಟು ಅಂದ ಕೊಡುತ್ತದೆ. ಎಲ್ಲ ಇಟ್ಟು ನೋಡಿದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ. ಚೆಂಡು ಆಗಲೂ ಥಟ್ಟನೆ ಕಂಡರೆ ಹಿನ್ನೆಲೆ ಪಾಸು.

ಗೋಡೆ ಕಟ್ಟುವುದು

ಸ್ಕ್ರ್ಯಾಚ್‌ನಲ್ಲಿ ಮೂರು ಸ್ಪ್ರೈಟ್, ಅಂದ್ರೆ ಆಟದ ಗೊಂಬೆಗಳನ್ನು, ಮಾಡಿ: ಚೆಂಡು, ಬ್ಯಾಟ್, ಇಟ್ಟಿಗೆ. ಇಟ್ಟಿಗೆ ಸ್ಪ್ರೈಟಿಗೆ 25 ಕಾಸ್ಟ್ಯೂಮ್, ಅಂದ್ರೆ ಅದು ವೇಷದ ಹಾಗೆ ಬದಲಿಸುವ ಚಿತ್ರಗಳನ್ನು, ಹಾಕಿ. 1ರಿಂದ 15 ಇಡೀ ಇಟ್ಟಿಗೆಗಳು, ಬಣ್ಣಕ್ಕೆ ಮೂರರಂತೆ, ಮೇಲಿನ ಸಾಲಿನ ಬಣ್ಣ ಮೊದಲು. 16ರಿಂದ 25 ಹರಿದವು, ಬಣ್ಣಕ್ಕೆ ಎರಡರಂತೆ. ಈ ಕ್ರಮ ತಪ್ಪಿದರೆ ಕೆಂಪು ಇಟ್ಟಿಗೆ ಒಡೆದಾಗ ಹಸಿರು ಚೂರು ಹಾರುತ್ತದೆ.

‘ಸಾಲು’ ಅಂತ ಒಂದು ವೇರಿಯಬಲ್, ಅಂದ್ರೆ ಸಂಖ್ಯೆ ಬರೆದಿಡುವ ಡಬ್ಬಿ, ಮಾಡಿ. ಹೆಸರು ಕನ್ನಡದಲ್ಲೇ ಕೊಡಬಹುದು, ಸ್ಕ್ರ್ಯಾಚ್ ಒಪ್ಪುತ್ತದೆ. ಮಾಡುವಾಗ ‘ಫಾರ್ ದಿಸ್ ಸ್ಪ್ರೈಟ್ ಓನ್ಲಿ’ ಅನ್ನೋದನ್ನು ಆರಿಸಿ. ಆಗ ಪ್ರತಿ ಇಟ್ಟಿಗೆಗೂ ತನ್ನದೇ ‘ಸಾಲು’ ಇರುತ್ತದೆ. ಮರೆತರೆ ನಲವತ್ತಕ್ಕೂ ಸೇರಿ ಒಂದೇ ಸಂಖ್ಯೆ ಆಗಿ, ಎಲ್ಲವೂ ತಾವು ಒಂದೇ ಸಾಲಿನವು ಅಂದುಕೊಳ್ಳುತ್ತವೆ.

ಆಟ ಶುರು ಮಾಡುವ ಹಸಿರು ಬಾವುಟ ಒತ್ತಿದಾಗ ಇಟ್ಟಿಗೆ ಮಾಡಬೇಕಾದ್ದು ಇಷ್ಟು. ತಾನು ಅಡಗಿಕೊಳ್ಳಬೇಕು. ಸೈಜ್ 25, ‘ಸಾಲು’ 1, ವೈ 140. ಆಮೇಲೆ 5 ಸಲದ ಒಂದು ‘ರಿಪೀಟ್’. ಅದರೊಳಗೆ ಎಕ್ಸ್ -203 ಮಾಡಿ, 8 ಸಲದ ಇನ್ನೊಂದು ‘ರಿಪೀಟ್’. ಒಳಗಿನದರಲ್ಲಿ ಕಾಸ್ಟ್ಯೂಮ್ ಬದಲಿಸಿ: ‘ಸಾಲು’ವಿನಿಂದ 1 ಕಳೆದು, 3ರಿಂದ ಗುಣಿಸಿ, ಅದಕ್ಕೆ 1ರಿಂದ 3ರೊಳಗಿನ ಯಾವುದಾದರೂ ಒಂದು ಸಂಖ್ಯೆ ಕೂಡಿಸಿ. ದಿಕ್ಕನ್ನು 88ರಿಂದ 92ರೊಳಗೆ ಯಾವುದಾದರೂ ಮಾಡಿ. 90 ಅಂದ್ರೆ ನೇರ, ಇದು ಒಂದೆರಡು ಡಿಗ್ರಿ ಓರೆ. ‘ಕ್ರಿಯೇಟ್ ಕ್ಲೋನ್’ ಹಾಕಿ ಇಟ್ಟಿಗೆಯ ಒಂದು ನಕಲು ಮಾಡಿ, ಎಕ್ಸ್‌ಗೆ 58 ಕೂಡಿಸಿ. ಸಾಲು ಮುಗಿದ ಮೇಲೆ ವೈಯಿಂದ 26 ಕಳೆದು ‘ಸಾಲು’ವಿಗೆ 1 ಕೂಡಿಸಿ. ಕ್ಲೋನ್ ಹುಟ್ಟಿದ ಕೂಡಲೇ ‘ಶೋ’.

ಸ್ಕ್ರ್ಯಾಚ್‌ನಲ್ಲಿ ಏಕಕಾಲಕ್ಕೆ 300 ಕ್ಲೋನ್ ಮಾತ್ರ ಇರಬಹುದು. ನಮಗೆ 40, ಹಾಗಾಗಿ ಚಿಂತೆಯಿಲ್ಲ.

ಚೆಂಡಿನ ನಡಿಗೆ

ಎಲ್ಲ ಸ್ಪ್ರೈಟ್‌ಗಳಿಗೂ ಕಾಣುವ ವೇರಿಯಬಲ್‌ಗಳು ಬೇಕು: ‘ವೇಗ’, ‘ಅಡ್ಡನಡೆ’, ‘ಮೇಲ್ನಡೆ’, ‘ಹಿಂದಿನವೈ’, ‘ಅಂಕ’, ‘ಉಳಿದವು’, ‘ಜೀವ’. ‘ಉಳಿದವು’ 40ರಿಂದ, ‘ಜೀವ’ 3ರಿಂದ, ‘ವೇಗ’ 5ರಿಂದ ಶುರು. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಓಡುವುದರಿಂದ ಸೆಕೆಂಡಿಗೆ 150 ಅಳತೆ ಸಾಗುತ್ತದೆ. ಹೊಸಬರಿಗೆ ಇದು ಹಿತವಾದ ವೇಗ.

ಚೆಂಡು ಮೊದಲು ಬ್ಯಾಟಿನ ಮೇಲೆ ಕೂತಿರಲಿ, ವೈ -135ರಲ್ಲಿ. ಕ್ಲಿಕ್ ಮಾಡಿದಾಗ -20ರಿಂದ 20 ಡಿಗ್ರಿಯೊಳಗೆ ಒಂದು ಕೋನ ಆರಿಸಿ. ‘ವೇಗ’ವನ್ನು ಆ ಕೋನದ ಸೈನ್‌ನಿಂದ ಗುಣಿಸಿದರೆ ‘ಅಡ್ಡನಡೆ’, ಕೊಸೈನ್‌ನಿಂದ ಗುಣಿಸಿದರೆ ‘ಮೇಲ್ನಡೆ’. ಸ್ಕ್ರ್ಯಾಚ್ ಡಿಗ್ರಿಯಲ್ಲೇ ಲೆಕ್ಕ ಹಾಕುತ್ತದೆ, ಬದಲಾಯಿಸುವ ಗೋಜಿಲ್ಲ. ಪ್ರತಿ ಸುತ್ತಿನಲ್ಲೂ ಈಗಿನ ವೈಯನ್ನು ‘ಹಿಂದಿನವೈ’ಯಲ್ಲಿ ಬರೆದಿಟ್ಟು, ಎಕ್ಸ್‌ಗೆ ‘ಅಡ್ಡನಡೆ’, ವೈಗೆ ‘ಮೇಲ್ನಡೆ’ ಕೂಡಿಸುತ್ತಾ ಹೋಗಿ.

ಪರದೆಯ ಅಂಚಿನ ಗೋಡೆಗೆ ತಾಗಿದಾಗ ‘ಇಫ್ ಆನ್ ಎಡ್ಜ್ ಬೌನ್ಸ್’ ಅನ್ನೋ ರೆಡಿ ಬ್ಲಾಕ್ ಬಳಸಬೇಡಿ. ಅದು ಕೆಳಗಿನ ಅಂಚಿಗೂ ಪುಟಿಸುತ್ತದೆ, ಸೋಲೋದೇ ಇಲ್ಲ. ನಾವೇ ಬರೆಯೋಣ. ಎಕ್ಸ್ 232 ದಾಟಿದರೆ ‘ಅಡ್ಡನಡೆ’ಯ ಚಿಹ್ನೆ ಬಿಟ್ಟ ಬೆಲೆ ತೆಗೆದುಕೊಂಡು ಅದನ್ನು ಮೈನಸ್ ಮಾಡಿ. -232ಕ್ಕಿಂತ ಕಮ್ಮಿಯಾದರೆ ಪ್ಲಸ್. ವೈ 172 ದಾಟಿದರೆ ‘ಮೇಲ್ನಡೆ’ ಮೈನಸ್. ವೈ -172ಕ್ಕಿಂತ ಕೆಳಗಾದರೆ ಒಂದು ‘ಜೀವ’ ಹೋಯಿತು.

ಸುಮ್ನೆ -1ರಿಂದ ಗುಣಿಸಿದರೆ ಆಗಲ್ವಾ? ಹೆಚ್ಚಿನ ಸಲ ಆಗುತ್ತದೆ. ಆದರೆ ಚೆಂಡು ಗೋಡೆಯೊಳಗೆ ಸ್ವಲ್ಪ ಜಾಸ್ತಿ ನುಗ್ಗಿದ್ದು, ಮುಂದಿನ ಸುತ್ತಿನಲ್ಲಿ ಇನ್ನೂ ಒಳಗೇ ಇದ್ದರೆ ಮತ್ತೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಗೋಡೆಗೆ ಅಂಟಿ ಗಿರಗುಟ್ಟುವ ಚೆಂಡುಗಳ ಕಥೆಯೆಲ್ಲ ಇದೇ. ‘ತಿರುಗು’ ಅನ್ನೋದರ ಬದಲು ‘ಈ ಕಡೆಗೆ ಹೋಗು’ ಅಂತ ಹೇಳಿದರೆ ಆ ಕಾಟ ಇರೋದಿಲ್ಲ.

ಬ್ಯಾಟ್: ಆಟದ ರುಚಿ ಇರೋದು ಇಲ್ಲಿ

ಬ್ಯಾಟನ್ನು ಮೌಸ್‌ನ ಎಕ್ಸ್‌ಗೆ ಕಟ್ಟಿಹಾಕಿ, -200ರಿಂದ 200ರೊಳಗೆ. ಟ್ಯಾಬ್ಲೆಟ್‌ನಲ್ಲಿ ಬೆರಳು ಎಳೆದರೂ ಇದೇ ನಡೆಯುತ್ತದೆ.

ನಿಜವಾದ ಭೌತಶಾಸ್ತ್ರದಂತೆ ಚೆಂಡು ಬಂದ ಕೋನದಲ್ಲೇ ಪುಟಿದರೆ ಆಡುವವರ ಕೈಯಲ್ಲಿ ಏನೂ ಇರೋದಿಲ್ಲ. ಸುಮ್ನೆ ಅಡ್ಡ ನಿಂತು ಕಾಯೋದು ಅಷ್ಟೇ. ಬ್ಯಾಟಿನ ಯಾವ ಜಾಗಕ್ಕೆ ಚೆಂಡು ಬಿತ್ತು ಅನ್ನೋದರ ಮೇಲೆ ಕೋನ ನಿಲ್ಲಬೇಕು. ನಡುವಿಗೆ ಬಿದ್ದರೆ ನೆಟ್ಟಗೆ, ಎಡತುದಿಗೆ ಬಿದ್ದರೆ ಎಡಕ್ಕೆ, ಬಲತುದಿಗೆ ಬಿದ್ದರೆ ಬಲಕ್ಕೆ. ಆಗ ಆಡುವವರು ಗುರಿ ಇಡೋಕೆ ಶುರು ಮಾಡುತ್ತಾರೆ.

ಲೆಕ್ಕ ಹೀಗೆ. ‘ಮೇಲ್ನಡೆ’ ಮೈನಸ್ ಇದೆ, ಅಂದ್ರೆ ಚೆಂಡು ಇಳಿಯುತ್ತಿದೆ. ಅದರ ವೈ -136ಕ್ಕಿಂತ ಕಮ್ಮಿ, -156ಕ್ಕಿಂತ ಜಾಸ್ತಿ. ಚೆಂಡಿನ ಎಕ್ಸ್‌ಗೂ ಬ್ಯಾಟಿನ ಎಕ್ಸ್‌ಗೂ ಇರುವ ಅಂತರ 47ಕ್ಕಿಂತ ಕಮ್ಮಿ. ಬ್ಯಾಟಿನ ಅರ್ಧ 40, ಚೆಂಡಿನ ಅರ್ಧ 7, ಸೇರಿ 47. ಇಷ್ಟೂ ಸರಿಯಿದ್ದರೆ ತಾಗಿದೆ ಅಂತ ಅರ್ಥ. ಈಗ ಚೆಂಡಿನ ಎಕ್ಸ್‌ನಿಂದ ಬ್ಯಾಟಿನ ಎಕ್ಸ್ ಕಳೆದು, 47ರಿಂದ ಭಾಗಿಸಿ, 60ರಿಂದ ಗುಣಿಸಿ. ಅದೇ ಕೋನ. ಅದಕ್ಕೆ -3ರಿಂದ 3ರೊಳಗಿನ ಒಂದು ಸಂಖ್ಯೆ ಸೇರಿಸಿ. ಆಮೇಲೆ ಮೊದಲಿನ ಹಾಗೇ ಸೈನ್, ಕೊಸೈನ್. ಕೊನೆಗೆ ಚೆಂಡನ್ನು ವೈ -136ಕ್ಕೆ ಎತ್ತಿಡಿ.

60ರ ಮಿತಿ ಯಾಕೆ ಅಂದ್ರೆ, ಅದಕ್ಕಿಂತ ಮಲಗಿದರೆ ಚೆಂಡು ಎಡಗೋಡೆ-ಬಲಗೋಡೆ ನಡುವೆಯೇ ಅಲೆಯುತ್ತಾ ಮೇಲೆ ಹೋಗೋಕೆ ಯುಗ ಹಿಡಿಯುತ್ತದೆ. ಆ ಮೂರು ಡಿಗ್ರಿ ಯಾಕೆ ಅಂದ್ರೆ, ಸರಿಯಾಗಿ ನಡುವಿಗೆ ಬಿದ್ದ ಚೆಂಡು ಅದೇ ಗೆರೆಯಲ್ಲಿ ಮೇಲೆ ಕೆಳಗೆ ಓಡಾಡುತ್ತಾ ಸಿಕ್ಕಿಹಾಕಿಕೊಳ್ಳಬಾರದು.

ಚೆಂಡು ಇಟ್ಟಿಗೆಗೆ ತಾಗಿದಾಗ

ಸ್ಕ್ರ್ಯಾಚ್‌ನಲ್ಲಿ ‘ಟಚಿಂಗ್’ ಅನ್ನೋ ಬ್ಲಾಕ್ ಇದೆ. ಅದು ಚಿತ್ರದ ಕಾಣುವ ಚುಕ್ಕೆಗಳನ್ನೇ ನೋಡುತ್ತದೆ. ನುಣುಪಾದ ಚೌಕಕ್ಕೆ ಅದು ಸರಿ. ನಮ್ಮ ಹರಿದ ಕಾಗದಕ್ಕೆ ಅಲ್ಲ. ಎಲ್ಲೋ ಒಂದು ನಾರು ಮುಂದೆ ಚಾಚಿದ್ದರೆ ಚೆಂಡು ಬೇಗ ತಿರುಗುತ್ತದೆ, ಒಂದು ಕಡೆ ತಗ್ಗಿದ್ದರೆ ತಡವಾಗಿ. ಹಾಗಾಗಿ ಚಿತ್ರವನ್ನು ಪೂರ್ತಿ ಮರೆತು, ಪ್ರತಿ ಇಟ್ಟಿಗೆಯನ್ನೂ 52ಕ್ಕೆ 20ರ ನೇರ ಚೌಕ ಅಂತಲೇ ಲೆಕ್ಕ ಹಾಕೋಣ. ಇಟ್ಟಿಗೆ ಎರಡು ಡಿಗ್ರಿ ಓರೆ ಇದ್ದರೂ ಲೆಕ್ಕಕ್ಕೆ ಅದು ನೇರವೇ.

ಪ್ರತಿ ಕ್ಲೋನ್ ತಾಗುವವರೆಗೂ ಕಾಯುತ್ತಿರಲಿ. ಚೆಂಡಿನ ಎಕ್ಸ್‌ಗೂ ತನ್ನ ಎಕ್ಸ್‌ಗೂ ಅಂತರ 33ಕ್ಕಿಂತ ಕಮ್ಮಿ, ಚೆಂಡಿನ ವೈಗೂ ತನ್ನ ವೈಗೂ ಅಂತರ 17ಕ್ಕಿಂತ ಕಮ್ಮಿ. ಎರಡೂ ಆದರೆ ತಾಗಿತು. ಚೆಂಡಿನ ಜಾಗವನ್ನು ‘ಸೆನ್ಸಿಂಗ್’ ಗುಂಪಿನ ಬ್ಲಾಕಿನಿಂದ ಕೇಳಬಹುದು.

ಈಗ ಪ್ರಶ್ನೆ: ಕೆಳಗಿನಿಂದ ತಾಗಿತೋ, ಪಕ್ಕದಿಂದಲೋ? ಇದಕ್ಕೇ ‘ಹಿಂದಿನವೈ’ ಬರೆದಿಟ್ಟದ್ದು. ‘ಹಿಂದಿನವೈ’ಗೂ ಇಟ್ಟಿಗೆಯ ವೈಗೂ ಅಂತರ 17 ಅಥವಾ ಜಾಸ್ತಿ ಇದ್ದರೆ, ಒಂದು ಕ್ಷಣದ ಹಿಂದೆ ಚೆಂಡು ಇಟ್ಟಿಗೆಯ ಮೇಲೋ ಕೆಳಗೋ ಇತ್ತು. ಹಾಗಾದರೆ ‘ಮೇಲ್ನಡೆ’ ಬದಲಿಸಿ. ಇಲ್ಲದಿದ್ದರೆ ಪಕ್ಕದಿಂದ ಬಂದಿದೆ, ‘ಅಡ್ಡನಡೆ’ ಬದಲಿಸಿ. ಬದಲಿಸುವುದು ಅಂದ್ರೆ ಇಲ್ಲೂ ಅದೇ ರೀತಿ: ಚೆಂಡು ಇಟ್ಟಿಗೆಗಿಂತ ಕೆಳಗಿದ್ದರೆ ‘ಮೇಲ್ನಡೆ’ ಮೈನಸ್, ಮೇಲಿದ್ದರೆ ಪ್ಲಸ್. ಬಲಗಡೆ ಇದ್ದರೆ ‘ಅಡ್ಡನಡೆ’ ಪ್ಲಸ್, ಎಡಗಡೆ ಇದ್ದರೆ ಮೈನಸ್.

ಇಲ್ಲಿ -1ರಿಂದ ಗುಣಿಸುವ ಅಭ್ಯಾಸ ಇನ್ನೂ ದೊಡ್ಡ ಎಡವಟ್ಟು ಮಾಡುತ್ತದೆ. ಚೆಂಡು ಎರಡು ಇಟ್ಟಿಗೆಗಳ ಸಂದಿಗೆ ಕೆಳಗಿನಿಂದ ಬಡಿಯಿತು ಅನ್ನಿ. ಸಂದು 6, ಚೆಂಡು 14, ಹಾಗಾಗಿ ಎರಡಕ್ಕೂ ಒಟ್ಟಿಗೇ ತಾಗುತ್ತದೆ. ಮೊದಲ ಇಟ್ಟಿಗೆ -1ರಿಂದ ಗುಣಿಸುತ್ತದೆ, ಚೆಂಡು ಕೆಳಮುಖ. ಎರಡನೆಯದೂ ಗುಣಿಸುತ್ತದೆ, ಮತ್ತೆ ಮೇಲ್ಮುಖ. ಎರಡೂ ಇಟ್ಟಿಗೆ ಒಡೆದು, ಚೆಂಡು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಗೋಡೆಯೊಳಗೆ ನುಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂ ‘ಕೆಳಗೆ ಹೋಗು’ ಅಂತಲೇ ಹೇಳುತ್ತವೆ. ಎರಡು ಒಡೆಯುತ್ತವೆ, ಚೆಂಡು ಮರ್ಯಾದೆಯಾಗಿ ವಾಪಸ್ ಬರುತ್ತದೆ.

ತಾಗಿದ ಮೇಲೆ ‘ಉಳಿದವು’ದಿಂದ 1 ಕಳೆದು, ಅಂಕ ಕೊಟ್ಟು, ಹರಿದ ಕಾಸ್ಟ್ಯೂಮ್ ತೋರಿಸಿ. ‘ಸಾಲು’ವನ್ನು ಎರಡರಿಂದ ಗುಣಿಸಿ 14 ಕೂಡಿಸಿದರೆ ಮೊದಲ ಹರಿದ ಚಿತ್ರ, 15 ಕೂಡಿಸಿದರೆ ಎರಡನೆಯದು. ಒಂದೊಂದು 0.08 ಸೆಕೆಂಡ್. ಆಮೇಲೆ ‘ಡಿಲೀಟ್ ದಿಸ್ ಕ್ಲೋನ್’. ಕಾಯುವ ಸುತ್ತಿನಿಂದ ಹೊರಬಂದ ಮೇಲೆಯೇ ಈ ಅನಿಮೇಷನ್ ನಡೆಯಬೇಕು, ಇಲ್ಲದಿದ್ದರೆ ಹರಿದ ಇಟ್ಟಿಗೆಗೂ ಚೆಂಡು ತಾಗುತ್ತದೆ.

ವೇಗ, ಅಂಕ, ಸುರಂಗ

ಇಲ್ಲಿ ಹಳೆಯ ಬ್ರೇಕ್‌ಔಟ್‌ನಿಂದ ಕದಿಯೋದೇ ಜಾಣತನ. ಅದರಲ್ಲಿ 14 ಇಟ್ಟಿಗೆಯ 8 ಸಾಲು. ಕೆಳಗಿನಿಂದ ಹಳದಿಗೆ 1, ಹಸಿರಿಗೆ 3, ಕಿತ್ತಳೆಗೆ 5, ಕೆಂಪಿಗೆ 7 ಅಂಕ. 4 ಹೊಡೆತ ಆದ ಮೇಲೆ ವೇಗ ಏರುತ್ತಿತ್ತು, 12 ಆದ ಮೇಲೆ ಮತ್ತೆ, ಕಿತ್ತಳೆ ಮತ್ತು ಕೆಂಪು ಸಾಲು ಮುಟ್ಟಿದಾಗ ಮತ್ತೆ. ಚೆಂಡು ಗೋಡೆ ದಾಟಿ ಚಾವಣಿ ಮುಟ್ಟಿದರೆ ಬ್ಯಾಟ್ ಅರ್ಧಕ್ಕೆ ಕುಗ್ಗುತ್ತಿತ್ತು. ಯಂತ್ರದ ಮೂಲ ಮಾದರಿ ಕಟ್ಟಿದ್ದು ಸ್ಟೀವ್ ವಾಜ್ನಿಯಾಕ್, ಅಟಾರಿಯಲ್ಲಿ ಆ ಕೆಲಸ ಹಿಡಿದಿದ್ದು ಸ್ಟೀವ್ ಜಾಬ್ಸ್. ಮುಂದೆ ಆಪಲ್ 2 ಕಂಪ್ಯೂಟರ್ ಮಾಡುವಾಗ ವಾಜ್ನಿಯಾಕ್ ಅದಕ್ಕೆ ಬಣ್ಣ, ಪ್ಯಾಡಲ್, ಸದ್ದು ಸೇರಿಸಿದ್ದಕ್ಕೆ ಒಂದು ಕಾರಣ ಇದೇ ಗೇಮನ್ನು ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕು ಅನ್ನೋ ಆಸೆ.

ನಮ್ಮದರಲ್ಲಿ ‘ವೇಗ’ 5, 4 ಇಟ್ಟಿಗೆ ಒಡೆದ ಮೇಲೆ 6, 12 ಒಡೆದ ಮೇಲೆ 7, ಮೇಲಿನ ಸಾಲು ಮುಟ್ಟಿದರೆ 8. ಅಷ್ಟಕ್ಕೆ ನಿಲ್ಲಿಸಿ. ಸಂಖ್ಯೆ ಬದಲಾದರೂ ಚೆಂಡಿನ ಓಟ ಬದಲಾಗೋದು ಮುಂದಿನ ಸಲ ಬ್ಯಾಟಿಗೆ ತಾಗಿದಾಗಲೇ, ಯಾಕಂದ್ರೆ ಸೈನ್-ಕೊಸೈನ್ ಲೆಕ್ಕ ಇರೋದು ಅಲ್ಲಿ. ಇದು ಒಳ್ಳೆಯದೇ. ಗಾಳಿಯಲ್ಲಿರುವಾಗ ಚೆಂಡು ದಿಢೀರನೆ ಓಡಿದರೆ ಮೋಸ ಅನ್ನಿಸುತ್ತದೆ. ಅಂಕ ಕೆಳಗಿನಿಂದ 1, 1, 3, 5, 7.

ಈಗ ಮೇಲೆ ಬಿಟ್ಟ ಖಾಲಿ ಜಾಗದ ವಿಷಯ. ಒಂದು ಮೂಲೆಯಲ್ಲಿ ಇಟ್ಟಿಗೆ ಒಡೆದು ಕಿಂಡಿ ಮಾಡಿದರೆ ಚೆಂಡು ಅದರೊಳಗಿಂದ ಮೇಲೆ ಹೋಗಿ, ಚಾವಣಿಗೂ ಗೋಡೆಯ ಬೆನ್ನಿಗೂ ನಡುವೆ ಪುಟಿಯುತ್ತಾ ತಾನಾಗಿಯೇ ಹತ್ತಾರು ಇಟ್ಟಿಗೆ ಉದುರಿಸುತ್ತದೆ. ಈ ಆಟದಲ್ಲಿ ಇದಕ್ಕಿಂತ ಖುಷಿಯ ಗಳಿಗೆ ಇಲ್ಲ. ಡೀಪ್‌ಮೈಂಡ್ ಸಂಸ್ಥೆಯ ಕೃತಕ ಬುದ್ಧಿಮತ್ತೆ ಅಟಾರಿ ಗೇಮ್‌ಗಳನ್ನು ತಾನೇ ಆಡಿ ಕಲಿತಾಗ ಬ್ರೇಕ್‌ಔಟ್‌ನಲ್ಲಿ ಈ ಸುರಂಗದ ಉಪಾಯವನ್ನೇ ಕಂಡುಕೊಂಡಿತು. ಆ ಸಂಶೋಧನೆ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. ಗೋಡೆಯನ್ನು ಚಾವಣಿಗೆ ಅಂಟಿಸಿ ಕಟ್ಟಿದರೆ ಈ ಖುಷಿ ಹೋಯಿತು. ಜಾಗ ಚೆಂಡಿನ ಎರಡರಷ್ಟಾದರೂ ಇರಲಿ.

ಮೇಲಿಂದ ಬೀಳುವ ಬಹುಮಾನಗಳು 1986ರ ಟೈಟೊ ಕಂಪನಿಯ ‘ಆರ್ಕನಾಯ್ಡ್’ನಿಂದ ಈ ಜಾತಿಯ ಗೇಮ್‌ಗಳಲ್ಲಿ ಮಾಮೂಲಾದವು. ಬೇಕಿದ್ದರೆ ಉದ್ದ ಬ್ಯಾಟ್ ಕೊಡುವ ಒಂದೇ ಒಂದು ಹಾಕಿ. ಉದ್ದ ಮಾಡಿದಾಗ ಆ 47ನ್ನೂ ಬದಲಿಸೋದು ಮರೆಯಬೇಡಿ.

ಕೊನೆಯ ಇಟ್ಟಿಗೆಯ ಬೇಸರಕ್ಕೂ ಮದ್ದು ಬೇಕು. ಒಂದೇ ಒಂದು ಉಳಿದಿರುತ್ತದೆ, ಚೆಂಡು ಅದರ ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ. ‘ಬರಿಹೊಡೆತ’ ಅಂತ ಒಂದು ವೇರಿಯಬಲ್ ಮಾಡಿ. ಬ್ಯಾಟಿಗೆ ತಾಗಿದಾಗಲೆಲ್ಲ 1 ಕೂಡಿಸಿ, ಇಟ್ಟಿಗೆ ಒಡೆದಾಗ ಸೊನ್ನೆ ಮಾಡಿ. ‘ಉಳಿದವು’ 4ಕ್ಕಿಂತ ಕಮ್ಮಿಯಿದ್ದು ‘ಬರಿಹೊಡೆತ’ 7 ದಾಟಿದರೆ ಒಂದು ಇಟ್ಟಿಗೆ ಗೋಂದು ಬಿಟ್ಟ ಕಾಗದದ ಹಾಗೆ ತಾನೇ ಕಳಚಿ ತಿರುಗುತ್ತಾ ಕೆಳಗೆ ಬೀಳಲಿ. ಬೀಳೋಕೆ ಶುರುವಾದ ಕೂಡಲೇ ‘ಬರಿಹೊಡೆತ’ ಸೊನ್ನೆ ಮಾಡಿ, ‘ಉಳಿದವು’ದಿಂದ ಒಂದು ಕಳೆಯಿರಿ. ಅಂಕ ಕೊಡಬೇಡಿ.

ಸದ್ದು

ಸದ್ದೂ ಕೈಯಿಂದಲೇ ಬರಲಿ. ಸ್ಕ್ರ್ಯಾಚ್ ಒಳಗೇ ರೆಕಾರ್ಡ್ ಮಾಡಬಹುದು. ಇಟ್ಟಿಗೆಗೆ ಕಾಗದ ಸರ್ರನೆ ಹರಿಯುವ ಸದ್ದು, ಬ್ಯಾಟಿಗೆ ರಟ್ಟಿನ ಡಬ್ಬದ ಮೇಲೆ ಬೆರಳು ಬಡಿದ ಸದ್ದು, ಗೋಡೆಗೆ ಬೆಂಕಿಪೊಟ್ಟಣ. ಸ್ಟೀಲ್ ತಟ್ಟೆ ಬೇಡ, ಗುಂಯ್‌ಗುಡುವುದು ನಿಲ್ಲೋ ಹೊತ್ತಿಗೆ ಇನ್ನೆರಡು ಇಟ್ಟಿಗೆ ಒಡೆದಿರುತ್ತವೆ. ಪ್ರತಿ ಸದ್ದಿನ ಮುಂದಿನ ಮೌನವನ್ನು ಪೂರ್ತಿ ಕತ್ತರಿಸಿ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಹೊಡೆತಕ್ಕೂ ಸದ್ದಿಗೂ ಸಂಬಂಧ ತಪ್ಪುತ್ತದೆ.

ಬ್ಯಾಟಿಗೆ ವಾಪಸ್ ಬರುವ ಮುಂಚೆ ಸಾಲಾಗಿ ಇಟ್ಟಿಗೆ ಒಡೆಯುತ್ತಾ ಹೋದರೆ ‘ಪಿಚ್’ ಎಫೆಕ್ಟಿಗೆ ಒಂದೊಂದಕ್ಕೂ 10 ಸೇರಿಸಿ. ಸ್ಕ್ರ್ಯಾಚ್‌ನಲ್ಲಿ 10 ಅಂದ್ರೆ ಅರ್ಧ ಸ್ವರ. ಈ ಎಫೆಕ್ಟ್ ಒಂದೊಂದು ಸ್ಪ್ರೈಟಿಗೂ ಬೇರೆ, ಹಾಗಾಗಿ ಏರಿಕೆಯನ್ನು ಎಲ್ಲರಿಗೂ ಕಾಣುವ ವೇರಿಯಬಲ್‌ನಲ್ಲಿಟ್ಟು, ಒಡೆಯುವ ಇಟ್ಟಿಗೆ ಅದನ್ನು ಓದಿಕೊಳ್ಳಲಿ. ಬ್ಯಾಟಿಗೆ ತಾಗಿದಾಗ ಸೊನ್ನೆ. ಸುರಂಗದೊಳಗೆ ಚೆಂಡು ಸಿಕ್ಕಾಗ ಹರಿಯುವ ಸದ್ದು ಏರುತ್ತಾ ಹೋಗೋದನ್ನು ಕೇಳಿ ನೋಡಿ.

ಆಡಿಸಿ ನೋಡುವುದು, ಹಂಚುವುದು

ಮೊದಲು ನೀವೇ ಬೇಕಂತ ಸೋಲಿ. ಜೀವ ಮೂರೂ ಹೋದಾಗ ಚೆಂಡು ನಿಲ್ಲುತ್ತದಾ, ಮತ್ತೆ ಬಾವುಟ ಒತ್ತಿದರೆ ‘ಉಳಿದವು’ 40 ಆಗುತ್ತದಾ ನೋಡಿ. ಆಮೇಲೆ ಗೇಮನ್ನು ಒಂದು ಮಗುವಿನ ಕೈಗೂ, ಗೇಮ್ ಆಡದ ದೊಡ್ಡವರೊಬ್ಬರ ಕೈಗೂ ಕೊಡಿ. ಏನೂ ಹೇಳಿಕೊಡಬೇಡಿ. ಮೊದಲ ಚೆಂಡು ಹೇಗೆ ಬಿಡಬೇಕು ಅಂತಲೇ ತಿಳಿಯದೆ ಕೂತರೆ, ಕಾಗದದ ಚೂರಿನ ಮೇಲೆ ‘ಒತ್ತಿ’ ಅಂತ ಬರೆದು ಫೋಟೊ ತೆಗೆದು ಬ್ಯಾಟಿನ ಮೇಲೆ ತೋರಿಸಿ. ಅಂಕಿಗಳನ್ನೂ ಕೈಬರಹದಲ್ಲೇ ಮಾಡಬಹುದು, ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಕಾಸ್ಟ್ಯೂಮ್. ಕನ್ನಡ ಅಂಕಿ ಬರೆದರೆ ಇನ್ನೂ ಚೆಂದ, ಮಕ್ಕಳು ಆಡುತ್ತಾ ಕಲಿಯುತ್ತಾರೆ.

ಸ್ಕ್ರ್ಯಾಚ್ ತಾಣದಲ್ಲಿ ಹಂಚಿದರೆ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬರುತ್ತದೆ. ಅಂದ್ರೆ ನಿಮ್ಮ ಹೆಸರು ಹೇಳಿ ಬೇರೆಯವರು ಅದನ್ನು ಬದಲಿಸಿ ಮತ್ತೆ ಹಂಚಬಹುದು. ಇನ್ನೊಬ್ಬರ ಚಿತ್ರ ಅಥವಾ ಹಾಡು ಅದರಲ್ಲಿ ಇರದ ಹಾಗೆ ನೋಡಿಕೊಳ್ಳಿ. ಹಂಚೋದು ಬೇಡ ಅಂದ್ರೆ ಎಸ್‌ಬಿ3 ಫೈಲ್ ಉಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಕೊಡಬಹುದು. ತೆಗೆದುಕೊಂಡವರ ಹತ್ತಿರ ಸ್ಕ್ರ್ಯಾಚ್ ಇಲ್ಲದಿದ್ದರೆ ‘ಟರ್ಬೊವಾರ್ಪ್ ಪ್ಯಾಕೇಜರ್’ ಅನ್ನೋ ಉಚಿತ ಸಾಧನದಿಂದ ಅದನ್ನೇ ಒಂದು ಎಚ್‌ಟಿಎಂಎಲ್ ಫೈಲ್ ಮಾಡಿಕೊಡಿ. ಯಾವ ಬ್ರೌಸರ್‌ನಲ್ಲಿ ತೆರೆದರೂ ಆಡಬಹುದು.